ವಿಜ್ಞಾನದ ಆಂತರಿಕ 20 ಅಂಕ ಕೈಕೆಲಸಕ್ಕೆ ಸಿಗಲಿ

ಮಾನ್ಯ ಸಂಪಾದಕರೇ,

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗಲೆಲ್ಲ 625ಕ್ಕೆ 625 ತೆಗೆದವರ ಫೋಟೊ, ಯಾವ ಜಿಲ್ಲೆ ಮೇಲೆ ಯಾವುದು ಕೆಳಗೆ ಅನ್ನೋ ಪಟ್ಟಿ ಪೇಪರ್ ತುಂಬಾ ಇರುತ್ತದೆ. ಇರಲಿ, ಕಷ್ಟಪಟ್ಟು ಓದಿದ ಮಕ್ಕಳು. ನಾನು ಬರೆಯುತ್ತಿರುವುದು ವಿಜ್ಞಾನದಲ್ಲಿ ಫೇಲಾದ ನನ್ನ ಅಕ್ಕನ ಮಗನ ಬಗ್ಗೆ.

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿನ ತಂತಿ ಬಿಚ್ಚಿ ಹೊಸದು ಸುತ್ತುವ ಕೆಲಸ. ಬೇಸಿಗೆ ಬಂತೆಂದರೆ ಸುಟ್ಟ ಬೋರ್‌ವೆಲ್ ಮೋಟಾರ್‌ಗಳು ಸಾಲುಗಟ್ಟಿ ಬರುತ್ತವೆ. ರಜೆಯಲ್ಲಿ ಇವನೂ ಬಂದು ಕೂರುತ್ತಾನೆ. ಕಾಯಿಲ್ ಬಿಚ್ಚುವ ಮುಂಚೆ ಯಾವ ತಂತಿಯ ತುದಿ ಎಲ್ಲಿಗೆ ಸೇರಿದೆ ಅಂತ ಚೀಟಿಯಲ್ಲಿ ಚಿತ್ರ ಹಾಕಿಕೊಳ್ಳುತ್ತಾನೆ, ಬಿಚ್ಚುತ್ತಾ ಸುತ್ತು ಎಣಿಸುತ್ತಾನೆ, ತಂತಿಯ ಗೇಜ್ (ದಪ್ಪ) ನೋಡಿ ಅದನ್ನೂ ಪಕ್ಕದಲ್ಲೇ ಬರೆದಿಡುತ್ತಾನೆ. ಸುತ್ತು ತಪ್ಪಿದರೆ ಮೂರು ಫೇಸಿನ ಕರೆಂಟ್ ಸಮ ಬರುವುದಿಲ್ಲ, ಮೋಟಾರ್ ಮತ್ತೆ ಬಿಸಿಯಾಗುತ್ತದೆ ಅಂತ ಅವನಿಗೆ ಗೊತ್ತು. ಉಲ್ಟಾ ತಿರುಗಿದರೆ ಮೂರರಲ್ಲಿ ಯಾವುದಾದರೂ ಎರಡು ವೈರ್ ಅದಲು ಬದಲು ಮಾಡಬೇಕು ಅನ್ನೋದೂ ಗೊತ್ತು. ಮೋಟಾರಿನ ತಂತಿ ಯಾವ ಕಡೆ ತಳ್ಳಲ್ಪಡುತ್ತದೆ ಅಂತ ಹೇಳುವ ಫ್ಲೆಮಿಂಗನ ಎಡಗೈ ನಿಯಮವನ್ನು ನಿರೂಪಿಸಿ ಅಂದರೆ ಮಾತ್ರ ಪೆನ್ನು ಮುಂದೆ ಹೋಗುವುದಿಲ್ಲ.

ಓದು ಬೇಡ ಅಂತ ನಾನು ಹೇಳುತ್ತಿಲ್ಲ. ಮೋಟಾರಿನ ಮೇಲಿನ ನೇಮ್‌ಪ್ಲೇಟ್ ಓದಿ ಲೆಕ್ಕ ಹಾಕಲು ಬರದವನು ನನ್ನ ಅಂಗಡಿಯಲ್ಲೂ ಉದ್ಧಾರ ಆಗುವುದಿಲ್ಲ. ಆದರೆ ವಿಜ್ಞಾನದ 100 ಅಂಕದಲ್ಲಿ 80 ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ ಅಂತ ಈಗಾಗಲೇ ಇದೆ ಅಲ್ವಾ? ಆ 20 ಎಲ್ಲಿಗೆ ಹೋಗುತ್ತದೆ ಗೊತ್ತಾ? ನಾನು ನೋಡಿದ ಮಟ್ಟಿಗೆ ಬಣ್ಣದ ಚಾರ್ಟಿಗೆ, ನೆಟ್‌ನಿಂದ ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡ್ ಮಾಡಿಸಿದ ಪ್ರಾಜೆಕ್ಟಿಗೆ. ಅದನ್ನು ಮಾಡೋದೂ ಜಾಸ್ತಿ ಕಡೆ ಅಪ್ಪ ಅಮ್ಮನೇ, ಇಲ್ಲಾ ಜೆರಾಕ್ಸ್ ಅಂಗಡಿಯವರು!

ಅದರ ಬದಲು 10 ಅಂಕವನ್ನಾದರೂ ನಿಜವಾದ ಕೈಕೆಲಸಕ್ಕೆ ಇಡಿ. ಬ್ಯಾಟರಿ ಸೆಲ್, ಬಲ್ಬು, ಸ್ವಿಚ್ಚು, ಎಲ್ಲೋ ಒಳಗೆ ತುಂಡಾದ ಒಂದು ವೈರು ಕೊಟ್ಟು, ಯಾಕೆ ಉರಿಯುತ್ತಿಲ್ಲ ಹುಡುಕು ಅನ್ನಿ. ಮೇಷ್ಟ್ರ ಮುಂದೆಯೇ ಹುಡುಕಲಿ, ಹೇಗೆ ಹುಡುಕಿದೆ ಅಂತ ಬಾಯಲ್ಲೇ ಹೇಳಲಿ. ಮೇಷ್ಟ್ರುಗಳಿಗೆ ಈಗಲೇ ಕೆಲಸ ಜಾಸ್ತಿ, ಒಪ್ಪುತ್ತೇನೆ. ಹತ್ತಿರದ ಐಟಿಐನಿಂದ ಒಬ್ಬರನ್ನು ಒಂದು ದಿನ ಕಳಿಸಿದರೆ ಆಯಿತು.

2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಮಾಡಿದರು, ವರ್ಷ ಹಾಳಾಗುವುದು ತಪ್ಪಿತು, ಒಳ್ಳೆಯದೇ. ಆದರೆ ಬಾಯಿಪಾಠ ಬರದವನಿಗೆ ಅದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೆ ಏನು ಬಂತು?

ಇನ್ನೊಂದು ವಿಷಯ. ಐಟಿಐನಲ್ಲಿ ಎಲೆಕ್ಟ್ರೀಷಿಯನ್ ಟ್ರೇಡಿಗೆ ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು. ವೈರ್‌ಮನ್, ವೆಲ್ಡರ್ ಟ್ರೇಡಿಗೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ನಮ್ಮ ಅಕ್ಕನಿಗೆ ಇದನ್ನು ಶಾಲೆಯಲ್ಲಿ ಯಾರೂ ಹೇಳಲಿಲ್ಲ, ಸುಮ್ನೆ ಟ್ಯೂಷನ್‌ಗೆ ಸೇರಿಸಿ ಅಂದರಂತೆ. ಫೇಲಾದ ಎಷ್ಟೋ ಹುಡುಗರು ಇದು ಗೊತ್ತಿಲ್ಲದೆ ಬೆಂಗಳೂರಿಗೆ ಬಸ್ ಹತ್ತುತ್ತಾರೆ. ಶಿಕ್ಷಣ ಇಲಾಖೆಯವರು ಫಲಿತಾಂಶದ ದಿನವೇ ಈ ಮಾಹಿತಿಯನ್ನು ಪ್ರತಿ ಹೈಸ್ಕೂಲಿನ ನೋಟಿಸ್ ಬೋರ್ಡಿಗೆ ಹಾಕಿಸಲಿ, ಐಟಿಐ ಅರ್ಜಿಯ ಕೊನೆ ದಿನಾಂಕದ ಜೊತೆ.

— ಒಬ್ಬ ರಿವೈಂಡಿಂಗ್ ಅಂಗಡಿಯವ, ರಾಣೆಬೆನ್ನೂರು