ಶಿಂಜುಕುವಿಗೆ ನೀವಿಬ್ಬರೇ ಹೋಗುವ ದಿನಕ್ಕೆ

ನಿಶಿ-ಕಸಾಯ್, ಟೋಕಿಯೊ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ನವೆಂಬರ್ ಮೊದಲ ವಾರ ನೀವು ಬಂದ ಮೇಲೆ ಶನಿವಾರ, ಭಾನುವಾರ ನಾವು ಜೊತೆಗಿರುತ್ತೇವೆ. ಉಳಿದ ದಿನ ನಮಗಿಬ್ಬರಿಗೂ ಆಫೀಸು. ಆಗ ಮನೆಯಲ್ಲಿ ಕೂತು ಬೇಜಾರಾಗದ ಹಾಗೆ ಟೋಕಿಯೊದ ಶಿಂಜುಕು ಬಡಾವಣೆಯ ಒಂದು ದಾರಿ ಬರೆದು ಕಳಿಸುತ್ತಿದ್ದೇನೆ. ಒಟ್ಟು ಆರು ಕಿಲೋಮೀಟರ್ ಆಸುಪಾಸು, ಕೂತು ಎದ್ದು ನಡೆದರೆ ಒಂದು ಹಗಲು. ಅಪ್ಪ, ಈ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಅಲ್ಲಿ ಫೋನಿನ ನಕ್ಷೆಯನ್ನು ಪೂರ್ತಿ ನಂಬುವ ಹಾಗಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲ ಮಾತು: ಶಿಂಜುಕು ನೋಡಲು ಶಿಂಜುಕು ಸ್ಟೇಷನ್‌ನಲ್ಲಿ ಇಳಿಯಬೇಡಿ. 1885ರಲ್ಲಿ ಶುರುವಾದ ಆ ಸ್ಟೇಷನ್ ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ಸ್ಟೇಷನ್ ಎಂದು ಗಿನ್ನೆಸ್ ದಾಖಲೆಯಲ್ಲಿದೆ. ಕೋವಿಡ್‌ಗೆ ಮುಂಚೆ ದಿನಕ್ಕೆ 35 ಲಕ್ಷಕ್ಕೂ ಹೆಚ್ಚು ಜನ. ಹೊರಬಾಗಿಲುಗಳು ಇನ್ನೂರಕ್ಕೂ ಹೆಚ್ಚು. ದಕ್ಷಿಣ, ಆಗ್ನೇಯ, ಹೊಸ ದಕ್ಷಿಣ, ಮಧ್ಯ ಪೂರ್ವ ಎಂದು ಒಂದೇ ಥರದ ಹೆಸರುಗಳು ಬೇರೆ. ತಪ್ಪು ಬಾಗಿಲಲ್ಲಿ ಹೊರಬಿದ್ದರೆ ರೈಲು ಹಳಿಗಳ ಆಚೆ ಬದಿಗೆ ಬಂದಿರುತ್ತೀರಿ, ಸುತ್ತಿ ಬರಲು ಹದಿನೈದು ನಿಮಿಷವಾದರೂ ಬೇಕು. ಹಾಗಾಗಿ ಪಶ್ಚಿಮದ ತುದಿಯಲ್ಲಿ ಇಳಿದು ಪೂರ್ವಕ್ಕೆ ನಡೆಯಿರಿ.

ಇಲ್ಲಿಂದ ತೊಜಾಯ್ ಲೈನ್‌ನಲ್ಲಿ ಮೊನ್‌ಜೆನ್-ನಾಕಚೊವರೆಗೆ ಹೋಗಿ, ಅಲ್ಲಿ ಓಎದೊ ಲೈನ್‌ನಲ್ಲಿ ರೊಪ್ಪೊಂಗಿ ಕಡೆಗೆ ಹೋಗುವ ರೈಲು ಹತ್ತಿ. ಇಳಿಯಬೇಕಾದ್ದು ತೊಚೊಮಾಏ. ಅದಕ್ಕೆ ಸರಿಯಾಗಿ ಒಂದು ಹಿಂದಿನ ಸ್ಟೇಷನ್ನೇ ಶಿಂಜುಕು. ಅಲ್ಲಿ ಇಡೀ ಬೋಗಿಯೇ ಇಳಿದ ಹಾಗೆ ಕಾಣುತ್ತದೆ, ನೀವು ಕೂತಲ್ಲೇ ಕೂತಿರಿ. ಓಎದೊ ಲೈನ್ ತುಂಬ ಆಳದಲ್ಲಿದೆ, ಎಸ್ಕಲೇಟರ್ ಮೇಲೆ ಎಸ್ಕಲೇಟರ್. ಟೋಕಿಯೊದಲ್ಲಿ ಎಡಕ್ಕೆ ನಿಲ್ಲುವುದು ರೂಢಿ. ಬೆಳಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಆಫೀಸಿನ ನೂಕುನುಗ್ಗಲು, ಅದು ಕಳೆದ ಮೇಲೆ ಹೊರಡಿ.

ತೊಚೊಮಾಏಯ ಎ4 ದ್ವಾರದ ಮೇಲೇ ಟೋಕಿಯೊ ಸರ್ಕಾರದ ಕಚೇರಿ, ಜನರ ಬಾಯಲ್ಲಿ ತೊಚೊ. ಕೆಂಜೊ ತಾಂಗೆ ವಿನ್ಯಾಸ ಮಾಡಿದ, 243 ಮೀಟರ್ ಎತ್ತರದ ಜೋಡಿ ಗೋಪುರ. 45ನೇ ಮಹಡಿಯಲ್ಲಿ, 202 ಮೀಟರ್ ಎತ್ತರದಲ್ಲಿ, ಊರು ನೋಡುವ ಹಜಾರವಿದೆ. ಟಿಕೆಟ್ ಇಲ್ಲ, ಬ್ಯಾಗ್ ತಪಾಸಣೆ ಮಾತ್ರ. ಬೆಳಗ್ಗೆ 9:30ಕ್ಕೆ ತೆಗೆಯುತ್ತಾರೆ. ಒಂದು ಗೋಪುರಕ್ಕೆ ರಜೆಯಿದ್ದರೆ ಇನ್ನೊಂದಕ್ಕೆ ಹೋಗಿ. ನೆಲಮಹಡಿಯಲ್ಲಿ ಅದಕ್ಕೆಂದೇ ಬೇರೆ ಲಿಫ್ಟ್ ಇದೆ. ಫ್ಯೂಜಿ ಪರ್ವತ ಇಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರ, ಪಶ್ಚಿಮದ ಕಿಟಕಿಯಲ್ಲಿ ಹುಡುಕಿ. ಹೊತ್ತೇರಿದ ಹಾಗೆ ಮಬ್ಬು ಕವಿದು ಮರೆಯಾಗುವುದರಿಂದಲೇ ಇದನ್ನು ಮೊದಲಿಗೆ ಇಟ್ಟಿದ್ದೇನೆ. ಬೇರೆ ಕಡೆ ದುಡ್ಡು ಕೊಟ್ಟು ಹತ್ತುವ ಗೋಪುರಗಳಿವೆ. ಇದಿರುವಾಗ ಅವು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಕೆಳಗಿಳಿದ ಮೇಲೆ ನಕ್ಷೆಯ ತಕರಾರು ಶುರು. ಇಲ್ಲಿ ರಸ್ತೆಗಳು ಎರಡು ಅಂತಸ್ತಿನಲ್ಲಿವೆ. ಈ ಗಗನಚುಂಬಿಗಳ ಜಾಗದಲ್ಲಿ 1965ರವರೆಗೆ ಇದ್ದದ್ದು ಯೊದೊಬಾಶಿ ನೀರು ಶುದ್ಧೀಕರಣ ಘಟಕ. ಅದರ ಕೊಳಗಳನ್ನು ಮುಚ್ಚದೆ, ಕೊಳದ ತಳದ ಮಟ್ಟದಲ್ಲಿ ಒಂದಷ್ಟು ರಸ್ತೆ, ದಂಡೆಯ ಮಟ್ಟದಲ್ಲಿ ಇನ್ನೊಂದಷ್ಟು ರಸ್ತೆ ಮಾಡಿದರು. ಅಪ್ಪ ನೀರಾವರಿ ಇಲಾಖೆಯಲ್ಲಿದ್ದವರು, ನಿಮಗೆ ಇದು ಕಟ್ಟಡಗಳಿಗಿಂತ ಹೆಚ್ಚು ರುಚಿಸಬಹುದು. ಫೋನಿನಲ್ಲಿ ನೀಲಿ ಚುಕ್ಕೆ ಸರಿಯಾದ ರಸ್ತೆಯ ಮೇಲೇ ಇರುತ್ತದೆ, ನೀವು ಮಾತ್ರ ಅದರ ಮೇಲಿನ ಸೇತುವೆಯಲ್ಲಿ ನಿಂತಿರುತ್ತೀರಿ. ನಕ್ಷೆ ‘ಎಡಕ್ಕೆ ತಿರುಗಿ’ ಎಂದ ಕಡೆ ಕಟಕಟೆ ಮಾತ್ರ ಸಿಕ್ಕರೆ, ಅಂತಸ್ತು ತಪ್ಪಿದೆ ಎಂದೇ ಅರ್ಥ. ಹತ್ತಿರದ ಮೆಟ್ಟಿಲು ಹುಡುಕಿ.

ನಿಮಗೆ ಬೇಕಾದ್ದು ಕೆಳಗಿನ ರಸ್ತೆ, ಚುಓ-ದೊರಿ. ತೊಚೊಗೆ ಬೆನ್ನು ಮಾಡಿ ಪೂರ್ವಕ್ಕೆ ನೇರ ನಡೆದರೆ ರಸ್ತೆಯ ಪಕ್ಕದ ಕಾಲುದಾರಿ ಸುರಂಗ ಹೊಕ್ಕು, ಒಂದೂ ಮೆಟ್ಟಿಲಿಲ್ಲದೆ ಸ್ಟೇಷನ್‌ನ ಪಶ್ಚಿಮ ನೆಲಮಾಳಿಗೆಗೆ ಬಿಡುತ್ತದೆ. ಅಮ್ಮನ ಮಂಡಿಗೆ ಇದೇ ಒಳ್ಳೆಯದು. ಹತ್ತು ಹನ್ನೆರಡು ನಿಮಿಷದ ದಾರಿ. ನೆಲದ ಮೇಲೆ ಉಬ್ಬಿದ ಹಳದಿ ಹಲಗೆಗಳ ಸಾಲು ಕಾಣುತ್ತದಲ್ಲ, ನಮ್ಮ ಮೆಟ್ರೊ ಸ್ಟೇಷನ್‌ಗಳಲ್ಲೂ ಇರುವಂಥದ್ದು, ಅದು ಕಣ್ಣು ಕಾಣದವರಿಗೆ. ಅದರ ಮೇಲೆ ನಿಂತು ಮಾತಾಡಬೇಡಿ. ಹಾಗೆ ನೋಡಿದರೆ ಅದನ್ನು ಮೊದಲು ಹಾಸಿದ್ದೇ ಈ ದೇಶದಲ್ಲಿ, 1967ರಲ್ಲಿ ಒಕಯಾಮಾದಲ್ಲಿ.

ಪಶ್ಚಿಮ ಬದಿಯಲ್ಲಿ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುತ್ತಿರುವುದರಿಂದ ತಡೆಗೋಡೆಗಳು ಜಾಗ ಬದಲಿಸುತ್ತಿರುತ್ತವೆ. ಗೋಡೆ ನೋಡಬೇಡಿ, ತಲೆಯ ಮೇಲಿನ ಫಲಕ ನೋಡಿ. ಹುಡುಕಬೇಕಾದ್ದು ಪೂರ್ವ-ಪಶ್ಚಿಮ ಮುಕ್ತ ದಾರಿ: ಸುಮಾರು ನೂರು ಮೀಟರ್ ಉದ್ದ, 25 ಮೀಟರ್ ಅಗಲ, 2020ರ ಜುಲೈನಿಂದ ಟಿಕೆಟ್ ಇಲ್ಲದೆ ದಾಟಬಹುದು. ಅದಕ್ಕಿಂತ ಹಳೆಯ ಪ್ರವಾಸ ಪುಸ್ತಕಗಳಲ್ಲಿ ಈ ದಾರಿ ಇರುವುದಿಲ್ಲ. ಎರಡೂ ಪಕ್ಕದಲ್ಲಿ ಟಿಕೆಟ್ ಗೇಟುಗಳಿವೆ, ಜನರ ಹಿಂದೆ ಹೋಗಿ ಅಲ್ಲಿ ಕಾರ್ಡ್ ಒತ್ತಿಬಿಡಬೇಡಿ. ಒಳಹೊಕ್ಕು ಅದೇ ಸ್ಟೇಷನ್‌ನಲ್ಲಿ ಹೊರಬಂದರೂ ದುಡ್ಡು ಕಡಿತವಾಗುತ್ತದೆ. ದಾಟಿದ ಮೇಲೆ ಹಿಗಾಶಿ-ಗುಚಿ, ಅಂದರೆ ಪೂರ್ವ ದ್ವಾರದಿಂದ ಮೇಲೆ ಬನ್ನಿ.

ಚೌಕಕ್ಕೆ ಬಂದು ತಲೆಯೆತ್ತಿದರೆ ಒಂದು ಕಟ್ಟಡದ ಮೂಲೆಯಿಂದ ದೈತ್ಯ ಬೆಕ್ಕು ಬಗ್ಗಿ ನೋಡುತ್ತದೆ. ಬಾಗಿದ ಪರದೆ, 2021ರದು. ಜಾಹೀರಾತುಗಳ ನಡುವೆ ಮಾತ್ರ ಬರುತ್ತದೆ, ಐದು ನಿಮಿಷ ಕಾಯಿರಿ, ಸಾಕು.

ಅಲ್ಲಿಂದ ಶಿಂಜುಕು-ದೊರಿಯಲ್ಲಿ ಪೂರ್ವಕ್ಕೆ ತಿರುಗಿದ ತುಸು ಹೊತ್ತಿಗೇ ಬಲಗೈಗೆ ನಾಕಮುರಾಯ ಎಂಬ ಹಳೆಯ ಬೇಕರಿ. ಇಲ್ಲಿ ಅವಸರ ಮಾಡಬೇಡಿ. 1912ರಲ್ಲಿ ದೆಹಲಿಯಲ್ಲಿ ವೈಸರಾಯ್ ಹಾರ್ಡಿಂಜ್ ಮೇಲೆ ಬಾಂಬ್ ಬಿತ್ತಲ್ಲ, ಆ ಸಂಚಿನ ರಾಸ್ ಬಿಹಾರಿ ಬೋಸ್ 1915ರಲ್ಲಿ ತಪ್ಪಿಸಿಕೊಂಡು ಜಪಾನಿಗೆ ಬಂದರು. ಬ್ರಿಟಿಷರ ಒತ್ತಡಕ್ಕೆ ಜಪಾನ್ ಸರ್ಕಾರ ಗಡೀಪಾರಿಗೆ ಆದೇಶ ಮಾಡಿತು. ಆಗ ಅವರನ್ನು ಬಚ್ಚಿಟ್ಟವರು ಈ ಬೇಕರಿಯ ಯಜಮಾನ ಸೋಮಾ ಐಜೊ ಮತ್ತು ಅವರ ಹೆಂಡತಿ ಕೊಕ್ಕೊ. 1918ರಲ್ಲಿ ಬೋಸ್ ಈ ದಂಪತಿಯ ಮಗಳು ತೊಶಿಕೊಳನ್ನು ಮದುವೆಯಾದರು. ಏಳು ವರ್ಷಕ್ಕೇ ಆಕೆ ತೀರಿಹೋದರು. 1927ರಲ್ಲಿ ಅಂಗಡಿಯವರು ಊಟದ ವಿಭಾಗ ತೆರೆದಾಗ ಬೋಸ್ ಹೇಳಿಕೊಟ್ಟ ಭಾರತೀಯ ಕರಿ ಅಲ್ಲಿ ಶುರುವಾಯಿತು, ಇಂದಿಗೂ ನಡೆಯುತ್ತಿದೆ. ಇದೇ ಬೋಸ್ 1943ರಲ್ಲಿ ಚಳವಳಿಯ ಮುಂದಾಳುತನವನ್ನು ಸುಭಾಷರ ಕೈಗೆ ಕೊಟ್ಟದ್ದು. ಆ ಕರಿ ಕೋಳಿಯದು, ನಿಮಗೆ ಆಗುವುದಿಲ್ಲ. ಮೂರನೇ ಮಹಡಿಯಲ್ಲಿ ಪುಟ್ಟ ಕಲಾ ಸಂಗ್ರಹಾಲಯವಿದೆ, ತೆರೆದಿದ್ದರೆ ಹೋಗಿ ಬನ್ನಿ.

ಮುಂದೆ ಎಡಗೈಗೆ ಕಿನೊಕುನಿಯಾ ಪುಸ್ತಕದಂಗಡಿ, ಆಮೇಲೆ ಇಸೆತಾನ್ ಎಂಬ ದೊಡ್ಡ ಬಹುಮಹಡಿ ಅಂಗಡಿಯ 1933ರ ಕಟ್ಟಡ. ಶೌಚಕ್ಕೆ ಇಸೆತಾನ್ ಒಳ್ಳೆಯದು, ದುಡ್ಡು ಕೊಡಬೇಕಿಲ್ಲ. ಕೈ ಒರೆಸಲು ಕಾಗದ ಇರದ ಕಡೆಗಳೇ ಹೆಚ್ಚು, ಇಬ್ಬರೂ ಕರವಸ್ತ್ರ ಇಟ್ಟುಕೊಳ್ಳಿ. ನೆಲಮಾಳಿಗೆಯ ತಿಂಡಿ ಅಂಗಡಿಗಳನ್ನು ಕಣ್ತುಂಬ ನೋಡಿ, ಆದರೆ ಕೊಳ್ಳುವಾಗ ಜೋಪಾನ. ಬರೀ ತರಕಾರಿ ಎಂದು ಕಾಣುವ ಪಲ್ಯ, ಸಾರುಗಳಿಗೂ ದಾಶಿ ಎಂಬ ಒಣಮೀನಿನ ತಿಳಿರಸ ಹಾಕಿರುತ್ತಾರೆ. ಮಾಂಸ ಬೇಡ ಎಂದರೆ ಅವರ ಲೆಕ್ಕದಲ್ಲಿ ದಾಶಿ ಅದರೊಳಗೆ ಬರುವುದಿಲ್ಲ. ಅಮ್ಮ, ನೀನು ಬೆಳಗ್ಗೆ ಪುಳಿಯೋಗರೆ ಕಲಸಿ ಡಬ್ಬಿಗೆ ಹಾಕಿಬಿಡು. ತಿನ್ನಲು ಜಾಗ ಮುಂದೆ ಇದೆ.

ಆ ಜಾಗ ಶಿಂಜುಕು ಗ್ಯೊಯೆನ್, ಇಸೆತಾನ್‌ನಿಂದ ಹತ್ತು ನಿಮಿಷ. 58 ಹೆಕ್ಟೇರಿನ ತೋಟ, ನಮ್ಮ ಲಾಲ್‌ಬಾಗಿಗಿಂತ ಚಿಕ್ಕದು. ಹಿಂದೆ ನಾಯ್ತೊ ಎಂಬ ದೊರೆಮನೆತನದ ನೆಲ, 1906ರಲ್ಲಿ ಅರಮನೆಯ ತೋಟವಾಯಿತು, 1949ರಿಂದ ಎಲ್ಲರಿಗೂ ತೆರೆದಿದೆ. ಟಿಕೆಟ್ 500 ಯೆನ್. 65 ದಾಟಿದವರಿಗೆ 250, ಅಪ್ಪನ ಪಾಸ್‌ಪೋರ್ಟ್ ತೋರಿಸಿ. ಪಾಸ್‌ಪೋರ್ಟ್ ಹೇಗೂ ಸದಾ ಹತ್ತಿರ ಇರಬೇಕು, ಇಲ್ಲಿನ ಕಾನೂನು ಹಾಗೆ. ಈ ಕಾಲದಲ್ಲಿ ಸಂಜೆ 4:30ಕ್ಕೆ ಮುಚ್ಚುತ್ತಾರೆ, 4ರ ಮೇಲೆ ಒಳಗೆ ಬಿಡುವುದಿಲ್ಲ. ನವೆಂಬರ್ 1ರಿಂದ 15ರವರೆಗೆ ಸೇವಂತಿಗೆ ಪ್ರದರ್ಶನ. ಒಂದೇ ಗಿಡದಿಂದ ನೂರಾರು ಹೂ ಗುಮ್ಮಟದ ಆಕಾರದಲ್ಲಿ ಅರಳುವಂತೆ ಬೆಳೆಸಿರುತ್ತಾರೆ. ಅಮ್ಮ, ಅದರ ಮುಂದೆ ನಿನಗೆ ಅರ್ಧ ಗಂಟೆಯಾದರೂ ಬೇಕು. ಹುಲ್ಲಿನ ಮೇಲೆ ಚಾಪೆ ಹಾಸಿ ಊಟ ಮಾಡಬಹುದು, ಮದ್ಯ ಮಾತ್ರ ನಿಷಿದ್ಧ. ಬೀದಿಯಲ್ಲಿ ಕಸದ ಬುಟ್ಟಿ ಸಿಗುವುದೇ ಅಪರೂಪ, ಒಂದು ಖಾಲಿ ಚೀಲ ಜೊತೆಗಿರಲಿ.

ಮೂರು ಗಂಟೆಗೆ ಎದ್ದು ಇಸೆತಾನ್ ಮೂಲೆಗೆ ಮರಳಿ, ಮೇಜಿ-ದೊರಿಯಲ್ಲಿ ಉತ್ತರಕ್ಕೆ ಹೋದರೆ ಹನಜೊನೊ ದೇವಸ್ಥಾನ. ಅದರ ಹಿಂದೆಯೇ ಗೋಲ್ಡನ್ ಗೈ, ಆರೇಳು ಜನ ಕೂರುವಷ್ಟು ಪುಟ್ಟ ಬಾರ್‌ಗಳ ಓಣಿಗಳು. ಹಗಲಲ್ಲಿ ಮುಚ್ಚಿರುತ್ತವೆ, ಸುಮ್ಮನೆ ಹಾದುಹೋಗಿ, ಫೋಟೊ ತೆಗೆಯಬೇಡಿ. ಅದರಾಚೆ ಕಬುಕಿಚೊ. ಯುದ್ಧದ ನಂತರ ಕಬುಕಿ ಎಂಬ ಸಾಂಪ್ರದಾಯಿಕ ನಾಟಕಕ್ಕೆ ರಂಗಮಂದಿರ ಕಟ್ಟುತ್ತೇವೆಂದು ಹೆಸರಿಟ್ಟರು, ಮಂದಿರ ಬರಲೇ ಇಲ್ಲ, ಹೆಸರು ಉಳಿಯಿತು. ಕಟ್ಟಡದ ಮೇಲಿನ, ಸಿನಿಮಾ ದೈತ್ಯ ಗಾಡ್ಜಿಲ್ಲಾನ ತಲೆಯನ್ನು ದೊಡ್ಡ ರಸ್ತೆಯಿಂದಲೇ ನೋಡಿ ತಿರುಗಿಬಿಡಿ. ಒಳಗೆ ಯಾರಾದರೂ ಇಂಗ್ಲಿಷಿನಲ್ಲಿ ನಯವಾಗಿ ಅಂಗಡಿಗೆ ಕರೆದರೆ ಉತ್ತರ ಕೊಡದೆ ಮುಂದೆ ಹೋಗಿ. ಅಂಥ ಕಡೆ ಕೂತು ಎದ್ದವರಿಗೆ ದೊಡ್ಡ ಬಿಲ್ಲು ಬಂದೇ ಬರುತ್ತದೆ. ದಾರಿ ತಪ್ಪಿದರೆ ಕೋಬಾನ್ ಎಂಬ ಪೊಲೀಸ್ ಚೌಕಿ ಹುಡುಕಿ, ಮನೆಯ ವಿಳಾಸ ಜಪಾನಿಯಲ್ಲಿ ಬರೆದ ಚೀಟಿ ತೋರಿಸಿ. ಚೀಟಿ ನಾನು ಬರೆದುಕೊಡುತ್ತೇನೆ.

ವಾಪಸು ಬರುವಾಗಲೂ ಶಿಂಜುಕು ಸ್ಟೇಷನ್ ಬೇಡ. ಇಸೆತಾನ್ ಕೆಳಗಿನ ಶಿಂಜುಕು-ಸಾಂಚೊಮೆಯಲ್ಲಿ ತೊಎಯ್ ಶಿಂಜುಕು ಲೈನ್ ಹತ್ತಿ, ಮೂರನೇ ಸ್ಟೇಷನ್ ಕುದಾಂಶಿತದಲ್ಲಿ ತೊಜಾಯ್‌ಗೆ ಬದಲಿಸಿ. ಐದರೊಳಗೆ ಹತ್ತಿದರೆ ಕೂರಲು ಜಾಗ ಸಿಗುವ ಸಾಧ್ಯತೆ ಹೆಚ್ಚು. ತೊಜಾಯ್‌ನಲ್ಲಿ ಫಲಕದ ಮೇಲೆ ‘ರ‍್ಯಾಪಿಡ್’ ಎಂದಿದ್ದರೆ ಆ ರೈಲು ಬಿಟ್ಟುಬಿಡಿ. ಅದು ನಮ್ಮ ನಿಶಿ-ಕಸಾಯ್‌ನಲ್ಲಿ ನಿಲ್ಲುವುದಿಲ್ಲ, ತೊಯೊಚೊ ಬಿಟ್ಟರೆ ಉರಯಾಸುಗೇ ಹೋಗಿ ನಿಲ್ಲುತ್ತದೆ. ಗೊತ್ತಾಗದೆ ಹತ್ತಿಬಿಟ್ಟಿದ್ದರೆ ಗಾಬರಿ ಬೇಡ, ಉರಯಾಸುವಿನಲ್ಲಿ ಇಳಿದು, ಎದುರು ದಿಕ್ಕಿನ ‘ಲೋಕಲ್’ ರೈಲಿನಲ್ಲಿ ಎರಡು ಸ್ಟೇಷನ್ ಹಿಂದಕ್ಕೆ ಬನ್ನಿ.

ಅಜ್ಜಿಗೆ ನಮಸ್ಕಾರ ತಿಳಿಸಿ. ಬರುವಾಗ ಪುಳಿಯೋಗರೆ ಗೊಜ್ಜು ಮರೆಯಬೇಡಿ.

ನಿಮ್ಮ ಮಗಳು