ಒಂದೇ ಟೋಪ್, ಐದು ಪದ

ಚಿ. ಸಿಂಧುಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಅನುವಾದದ ಕರಡು ಓದಿದೆ. ಕನ್ನಡ ಹದವಾಗಿದೆ. ಆದರೆ "1799ರ ಏಪ್ರಿಲ್ 5ರ ರಾತ್ರಿ ಕರ್ನಲ್ ವೆಲ್ಲೆಸ್ಲಿ ಸುಲ್ತಾನ್‌ಪೇಟೆ ತೋಪಿನ ಮೇಲೆ ದಾಳಿ ಮಾಡಿದ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿದವರು ಆ ಬ್ರಿಟಿಷ್ ಅಧಿಕಾರಿ ಶ್ರೀರಂಗಪಟ್ಟಣದ ಹತ್ತಿರ ಟಿಪ್ಪುವಿನ ಫಿರಂಗಿ ಕಸಿಯಲು ಹೋಗಿದ್ದ ಅಂತಲೇ ತಿಳಿಯುತ್ತಾರೆ. ಯುದ್ಧದ ನಡುವೆ ತೋಪು ಅಂದರೆ ಇನ್ನೇನು ನೆನಪಾಗುತ್ತೆ ಹೇಳು? ಇಂಗ್ಲಿಷ್ ಮೂಲದಲ್ಲಿರೋ ಟೋಪ್ (tope) ಅಂದರೆ ಮರಗಳ ತೋಪು. ನೀನು ಹಾಕಿದ ಪದ ತಪ್ಪಲ್ಲ, ಅದರ ಅರ್ಥ ಮಾತ್ರ ಕೈಕೊಟ್ಟಿದೆ. ಆದ್ದರಿಂದ ಈ ಟೋಪ್ ಅನ್ನೋ ಇಂಗ್ಲಿಷ್ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ.

ದೊಡ್ಡ ಇಂಗ್ಲಿಷ್ ನಿಘಂಟು ತೆಗೆದಾಗ ಮೊದಲು ಅರ್ಥ ಓದಬೇಡ, ಪದದ ನೆತ್ತಿಯ ಮೇಲಿರುವ ಪುಟ್ಟ ಅಂಕಿ ನೋಡು. ಆ ಅಂಕಿ ಬದಲಾದರೆ ಪದವೇ ಬೇರೆ, ವಂಶವೇ ಬೇರೆ. ಕಾಗುಣಿತ ಮಾತ್ರ ಒಂದು. ಒಂದೇ ಅಂಕಿಯ ಕೆಳಗೆ ಬರುವ ಅರ್ಥಗಳು ಒಡಹುಟ್ಟಿದವರಿದ್ದ ಹಾಗೆ, ಬೇರೆ ಬೇರೆ ಅಂಕಿಯವು ಒಂದೇ ಹೆಸರಿಟ್ಟುಕೊಂಡ ಅಪರಿಚಿತರು. ಇದನ್ನು ಗಮನಿಸದವರೇ ಒಂದು ಅರ್ಥದಿಂದ ಇನ್ನೊಂದಕ್ಕೆ ಸೇತುವೆ ಕಟ್ಟಲು ಹೋಗಿ ಬೀಳುವುದು.

ಟೋಪ್ ಕ್ರಿಯಾಪದವಾಗಿದ್ದರೆ ಮಿತಿಮೀರಿ ಕುಡಿಯುವುದು ಅಂತ. ಹದಿನೇಳನೇ ಶತಮಾನದಿಂದ ಬಳಕೆಯಲ್ಲಿದೆ; ಫ್ರೆಂಚಿನಲ್ಲಿ ಪಂಥ ಒಪ್ಪಿಕೊಳ್ಳುವಾಗ ಹೇಳುವ ಪದಕ್ಕೂ ಇದಕ್ಕೂ ನಂಟಿರಬಹುದು ಅಂತ ಪಂಡಿತರು ಊಹಿಸುತ್ತಾರೆ. ಟೋಪರ್ ಅಂದರೆ ಕುಡುಕ. ನಾಮಪದವಾದರೆ ಇಂಗ್ಲೆಂಡಿನ ಸುತ್ತಲ ಕಡಲಲ್ಲೂ ಸಿಗುವ ಒಂದು ಜಾತಿಯ ಶಾರ್ಕ್ ಮೀನೂ ಆಗಬಹುದು. ಆ ಹೆಸರು ಕಾರ್ನ್‌ವಾಲ್ ಕಡೆಯ ಭಾಷೆಯಿಂದ ಬಂದಿರಬಹುದು. ಇವೆರಡೂ ನಿನ್ನ ಪುಸ್ತಕಕ್ಕೆ ಬೇಕಿಲ್ಲ.

ಉಳಿದ ಮೂರೂ ಏಷ್ಯಾದಿಂದ ಹೋದವು. ಇವುಗಳಿಗೆ ಭಾರತದಲ್ಲಿದ್ದ ಇಂಗ್ಲಿಷರು ಬಳಸುತ್ತಿದ್ದ ಪದಗಳ ಹಾಬ್ಸನ್-ಜಾಬ್ಸನ್ ನಿಘಂಟೇ ಸರಿ. ಯೂಲ್ ಮತ್ತು ಬರ್ನೆಲ್ ಅದನ್ನು 1886ರಲ್ಲಿ ಹೊರತಂದರು. ಕ್ರೂಕ್ ಪರಿಷ್ಕರಿಸಿದ್ದು 1903ರಲ್ಲಿ, ಅದನ್ನೇ ಬಳಸು. ಅಲ್ಲಿ ಫಿರಂಗಿ, ಮರಗಳ ತೋಪು, ಬೌದ್ಧರ ಗುಮ್ಮಟದಂಥ ಸ್ಮಾರಕವಾದ ಸ್ತೂಪ ಮೂರೂ ಒಂದೇ ತಲೆಬರಹದಡಿ ಇವೆ, ಆದರೆ ಮೂಲ ಬೇರೆ ಬೇರೆ ಅಂತ ಮೊದಲ ಸಾಲಲ್ಲೇ ಹೇಳಿದ್ದಾರೆ.

ಫಿರಂಗಿಯ ತೋಪು ತುರ್ಕಿಯ ಪದ. ಇಸ್ತಾಂಬುಲ್‌ನ ಟೋಪ್‌ಕಾಪಿ ಅರಮನೆಯ ಹೆಸರಿಗೆ ಫಿರಂಗಿ ಬಾಗಿಲು ಅಂತಲೇ ಅರ್ಥ. ನಮ್ಮ ದಸರೆಯ ಕುಶಾಲುತೋಪಿನಲ್ಲಿರೋದೂ ಇದೇ. ಮರಗಳ ತೋಪು ಮಾತ್ರ ಅಪ್ಪಟ ದಕ್ಷಿಣದ್ದು: ತಮಿಳಿನ ತೋಪ್ಪು, ತೆಲುಗು-ಕನ್ನಡದ ತೋಪು. ಇದರ ಸ್ವಾರಸ್ಯ ಏನು ಗೊತ್ತಾ? ದಕ್ಷಿಣದಲ್ಲಿ ಕಲಿತ ಈ ಪದವನ್ನು ಯುರೋಪಿನವರು ಬಂಗಾಳ, ಹಿಂದೂಸ್ತಾನದವರೆಗೂ ಹೊತ್ತುಕೊಂಡು ಹೋದರು. ಅಲ್ಲಿನ ಇಂಗ್ಲಿಷರೆಲ್ಲ ಮಾವಿನ ಟೋಪ್ ಅನ್ನುತ್ತಿದ್ದರು, ಅಲ್ಲಿನ ಜನಕ್ಕೆ ಪದವೇ ಗೊತ್ತಿರಲಿಲ್ಲ; ಅವರಿಗೆ ಅದು ಬಾಗ್. ಹಾಗಾಗಿ ಉತ್ತರ ಭಾರತದ ದಂಡಿನ ದಿನಚರಿಯಲ್ಲಿ ಟೋಪ್ ಕಂಡರೆ ಅದು ಊರಿನವರ ಬಾಯಿಮಾತು ಅಂತ ಅಡಿಟಿಪ್ಪಣಿ ಹಾಕಿಬಿಡಬೇಡ.

ಸ್ತೂಪದ ಟೋಪ್ ಬಂದದ್ದು ಪಂಜಾಬಿನ ವಾಯವ್ಯ ಭಾಗದ ಆಡುಮಾತಿನಿಂದ. ಸ್ತೂಪ, ಪಾಳಿಯ ಥೂಪ, ಆಮೇಲೆ ಟೋಪ್. ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್ 1854ರಲ್ಲಿ ಸಾಂಚಿ ಮತ್ತು ಸುತ್ತಲಿನ ಸ್ತೂಪಗಳ ಬಗ್ಗೆ ಬರೆದ ಪುಸ್ತಕದ ಹೆಸರೇ ಭಿಲ್ಸಾ ಟೋಪ್ಸ್. ಭಿಲ್ಸಾ ಅಂದರೆ ಈಗಿನ ವಿದಿಶಾ. ಈ ಅರ್ಥ ಈಗ ಹಳೆಯ ಪುಸ್ತಕಗಳಲ್ಲೇ ಉಳಿದಿದೆ. ನಮ್ಮ ಸನ್ನತಿ-ಕನಗನಹಳ್ಳಿಯ ಸ್ತೂಪವನ್ನು ಈಗ ಯಾರೂ ಟೋಪ್ ಅನ್ನುವುದಿಲ್ಲ.

ಮೂರರಲ್ಲಿ ಯಾವುದು ಅಂತ ತಿಳಿಯಲು ಅಕ್ಕಪಕ್ಕದ ಪದಗಳನ್ನು ಕೇಳು. ಡೇರೆ ಹಾಕಿದರು, ನೆರಳು, ತಂಗಿದರು, ಒಳಗೆ ಅವಿತರು ಅಂತಿದ್ದರೆ ಮರಗಳು. ಅಗೆದರು, ಅವಶೇಷವಿಟ್ಟ ಕರಂಡಕ (ಪುಟ್ಟ ಪೆಟ್ಟಿಗೆ) ಸಿಕ್ಕಿತು ಅಂತಿದ್ದರೆ ಸ್ತೂಪ. ಫಿರಂಗಿ ಅನ್ನೋ ಊಹೆಗೆ ಕೊನೆಯಲ್ಲಿ ಹೋಗು: ಇಂಗ್ಲಿಷರಿಗೆ ತಮ್ಮದೇ ಗನ್ ಅನ್ನೋ ಪದ ಇತ್ತು, ತೋಪಖಾನೆಯಂಥ ಸಮಾಸ ಬಿಟ್ಟರೆ ಟೋಪ್ ಬೇಕಾಗುತ್ತಿದ್ದದ್ದು ಕಡಿಮೆ. ಆಮೇಲೆ ಬರಹದ ಇಸವಿ, ಜಾಗ ನೋಡಿ ಭೂಪಟ ತೆರೆ. ಸುಲ್ತಾನ್‌ಪೇಟೆಯದ್ದು ಕಾಲುವೆಗಳು ಹಾದುಹೋದ ದಟ್ಟ ಮರಗಳ ತೋಪು. ಅದಕ್ಕೇ ವೆಲ್ಲೆಸ್ಲಿಯ 33ನೇ ರೆಜಿಮೆಂಟ್ ಕತ್ತಲಲ್ಲಿ ದಾರಿ ತಪ್ಪಿ ಹಿಮ್ಮೆಟ್ಟಿತು. ಮರುದಿನ ಹಗಲಲ್ಲಿ ಅದೇ ಜಾಗ ಅವನ ಕೈಸೇರಿತು. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು ಇವನೇ. ಅಲ್ಲಿ ಫಿರಂಗಿ ಅಂತ ಓದಿಕೊಂಡರೆ ಆ ಸೋಲಿನ ಕಾರಣವೇ ಅರ್ಥವಾಗದೆ ಹೋಗುತ್ತೆ.

ಟೋಪಿಯನ್ನು ಇದಕ್ಕೆ ಗಂಟು ಹಾಕಬೇಡ. ಇಂಗ್ಲಿಷರು ಇಲ್ಲಿ ಹಾಕುತ್ತಿದ್ದ ಸೋಲಾ ಟೋಪಿಯ ಸೋಲಾ ಕೂಡ ಸೂರ್ಯನಿಗೆ ಸಂಬಂಧಿಸಿದ್ದಲ್ಲ, ಜೌಗಿನಲ್ಲಿ ಬೆಳೆಯುವ ಹಗುರ ಬೆಂಡಿನ ಗಿಡದ ಹೆಸರು. ಬಿಸಿಲಿಗೆ ಹಾಕಿಕೊಳ್ಳುತ್ತಿದ್ದರಲ್ಲ, ಇಂಗ್ಲಿಷರೇ ಎಷ್ಟೋ ಸಲ ಸೋಲಾರ್ ಅಂತ ಬರೆದುಬಿಟ್ಟರು. ಕಿವಿಗೆ ಹಿತವಾಗಿ ಕೂತ ಮೂಲವನ್ನು ಎರಡು ನಿಘಂಟಿನಲ್ಲಿ ನೋಡುವ ತನಕ ಬರೆಯಬೇಡ.

ಇನ್ನು ಕನ್ನಡಕ್ಕೆ ತರುವ ಕಷ್ಟ. ಇಂಗ್ಲಿಷಿನ ಹಾಗೆ ನಮ್ಮಲ್ಲೂ ತೋಪಿಗೆ ಎರಡು ಮುಖ. ಕಂದಾಯ ದಾಖಲೆಯ ಗುಂಡುತೋಪನ್ನೇ ನೋಡು: ಗುಂಡು, ತೋಪು ಎರಡೂ ಮದ್ದಿನ ಮನೆಯವು ಅನ್ನಿಸುತ್ತವೆ, ಆದರೆ ಅದು ಊರಿನವರೆಲ್ಲರ ಮರಗಳ ತೋಪು. (ಗುಂಡು ಹಾಕುವವರಿಗೂ ಇಂಗ್ಲಿಷ್ ಟೋಪರ್‌ಗೂ ಇರುವ ಸ್ನೇಹ ಬರೀ ಕಾಕತಾಳೀಯ.) ಆದ್ದರಿಂದ ಮೊದಲ ಸಲ ಬಂದಾಗ "ಮರಗಳ ತೋಪು" ಅಂತ ಬಿಡಿಸಿ ಬರೆ, ಆಮೇಲೆ ಬರೀ ತೋಪು ಸಾಕು. ಅದೇ ಅಧ್ಯಾಯದಲ್ಲಿ ಗನ್ ಬಂದ ಕಡೆಯೆಲ್ಲ ಫಿರಂಗಿ ಅಂತಲೇ ಇಡು, ರುಚಿ ಬದಲಿಸಲು ತೋಪು ಅಂತ ಒಂದೇ ಒಂದು ಸಲವೂ ಹಾಕಬೇಡ. ತೋಪು ಅಂತ ಬಂದ ಕಡೆಯನ್ನೆಲ್ಲ ಮೂಲದ ಜೊತೆ ಇಟ್ಟು ಸಾಲುಸಾಲಾಗಿ ನೋಡಿ, ತಿದ್ದಿದ ಪುಟಗಳನ್ನಷ್ಟೇ ಕಳಿಸು. ಪೂರ್ತಿ ಕರಡು ಬೇಡ.

ಇತಿ,
ದೊಡ್ಡಪ್ಪ