ಇವತ್ತು ರಾತ್ರಿ 9ಕ್ಕೆ ತುಪ್ಪದ ಕಥೆ

ಎಲ್ಲರಿಗೂ ನಮಸ್ಕಾರ. ಲಾಕ್‌ಡೌನಿನ ಸೆಕೆಯಲ್ಲಿ ಶುರುಮಾಡಿದ ನಮ್ಮ ವಿಜ್ಞಾನದ ಕಥೆ ಇವತ್ತೂ ಆಡಿಯೊದಲ್ಲೇ ಬರುತ್ತದೆ. ಹನ್ನೆರಡು ನಿಮಿಷ, ಅಷ್ಟೇ.

ಈ ಸಲ ಮುಂಬಯಿಯದೇ ಕಥೆ. 1896ರಲ್ಲಿ ಇಲ್ಲಿ ಪ್ಲೇಗ್ ಬಂದಾಗ ಕಲ್ಕತ್ತೆಯಿಂದ ಬಂದವರು ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ. ಬೈಕಲಾದ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕೂತು ಲಸಿಕೆ ಮಾಡಿದರು. ಫ್ಲಾಸ್ಕಿನ ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟರೆ, ಪ್ಲೇಗಿನ ಬ್ಯಾಕ್ಟೀರಿಯಾ ಅದರಡಿಯಿಂದ ಆಲದ ಬಿಳಲಿನ ಹಾಗೆ ಕೆಳಗಿಳಿಯುತ್ತಿದ್ದವು! ಬೆಳೆದದ್ದನ್ನು ಬಿಸಿಮಾಡಿ ಕೊಂದರೆ ಅದೇ ಲಸಿಕೆ. 1897ರ ಜನವರಿ 10ರಂದು ಮೊದಲು ಚುಚ್ಚಿಸಿಕೊಂಡದ್ದು ತಾವೇ. ಜ್ವರವೂ ಬಂತು. ಪರೇಲಿನ ಹಾಫ್‌ಕಿನ್ ಸಂಸ್ಥೆಯ ಮುಂದೆ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದರೂ ಆ ಹೆಸರು ಯಾರದೆಂದು ನಾನು ಕೇಳಿರಲಿಲ್ಲ, ನಾಚಿಕೆಗೇಡು.

ಮಕ್ಕಳ ಪ್ರಶ್ನೆ 8 ಗಂಟೆಯೊಳಗೆ ವಾಯ್ಸ್ ಮೆಸೇಜಿನಲ್ಲಿ ಬರಲಿ. ಸೋಪಿಗೆ ಕೊರೊನಾ ಹೇಗೆ ಸಾಯುತ್ತದೆ ಎಂದು ಕೇಳಿದ ಪುಟ್ಟಿಗೆ ಉತ್ತರ: ಕೊರೊನಾ ವೈರಸ್ಸಿನ ಹೊರಕವಚದಲ್ಲಿ ಕೊಬ್ಬಿನಂಶವಿದೆ, ಸೋಪು ಜಿಡ್ಡಿನ ಪಾತ್ರೆ ತೊಳೆದ ಹಾಗೆ ಅದನ್ನು ಬಿಡಿಸಿಹಾಕುತ್ತದೆ.

ಹಿರಿಯರೇ, ಕಷಾಯದ ಫಾರ್ವರ್ಡ್ ದಯವಿಟ್ಟು ಬೇರೆ ಗುಂಪಿಗೆ. ಮೊನ್ನೆಯ ಆಡಿಯೊದಲ್ಲಿ ಕುಕ್ಕರ್ ಮೂರು ಸಲ ಕೂಗಿದ್ದು ನಮ್ಮನೆಯದು, ಇವತ್ತು ಅಡುಗೆ ಮೊದಲೇ ಮುಗಿಸುತ್ತೇವೆ.